ಶಿವರಂಜನ್ ಕಂಡಷ್ಟು ದಾರಿ

ಪುರಸೈವಾಕ್ಕಂನ ದೊಡ್ಡ ಬೀದಿಯಲ್ಲಿದ್ದ ಮಹಾಲಿಂಗಪ್ಪನವರ ಸ್ಟೀಲ್ ಪಾತ್ರೆ ಅಂಗಡಿಗೆ ಬಂದುಹೋಗುವವರಲ್ಲಿ ಬಹಳ ಮಂದಿ ಅವರ ಮಗ ಶಿವರಂಜನ್‌ನನ್ನು ಸೊಕ್ಕಿನವನೆಂದೇ ತಿಳಿದಿದ್ದರು. ಎದುರಿಗೆ ನಿಂತು ಮಾತಾಡಿಸಿದರೆ ನಗುನಗುತ್ತಾ ಮಾತಾಡುತ್ತಿದ್ದ. ಪಕ್ಕದಿಂದ ಬಂದು ಕೈ ಚಾಚಿದರೆ ಆ ಕೈಯನ್ನು ಗಾಳಿಯಲ್ಲೇ ಬಿಟ್ಟು ಬೇರೆಲ್ಲೋ ನೋಡುತ್ತಿದ್ದ. ಮದುವೆಮನೆಯಲ್ಲಿ ಪಕ್ಕದ ಸಾಲಿನಿಂದ ನೆಂಟರು ಕೈ ಬೀಸಿದರೂ ಇವನು ತಿರುಗಿ ನೋಡಲಿಲ್ಲವೆಂಬ ದೂರುಗಳು ಅವನ ತಾಯಿ ಸರ್ವಮಂಗಳಾ ಅವರ ಕಿವಿಗೆ ಬೀಳುತ್ತಲೇ ಇದ್ದವು. ಮನೆಯೊಳಗೆ ಅವನಿಗಿದ್ದ ಹೆಸರು ಬೇರೆ. ಮನೆಯವರ ಪಾಲಿಗೆ ಅವನು ಎಲ್ಲದಕ್ಕೂ ಎಡವುವವನು, ಒಂದು ಲೋಟವನ್ನೂ ನೆಟ್ಟಗೆ ಇಡಲು ಬಾರದವನು. ಚಿಕ್ಕವನಿದ್ದಾಗ ಟಾಕೀಸಿನ ಕತ್ತಲಲ್ಲಿ ಅಮ್ಮನ ಸೆರಗು ಬಿಡುತ್ತಿರಲಿಲ್ಲ. ದೊಡ್ಡವನಾದ ಮೇಲೂ ಸಂಜೆ ಕರೆಂಟು ಹೋದರೆ ಅಂಗಡಿಯಲ್ಲಿ ಇಡ್ಲಿ ಪಾತ್ರೆಗಳ ಗೋಪುರವನ್ನು ಉರುಳಿಸಿ ಅಪ್ಪನಿಂದ ಬೈಸಿಕೊಳ್ಳುತ್ತಿದ್ದ. ಕಣ್ಣನ್ನು ಎಲ್ಲಿ ಅಡ ಇಟ್ಟು ಬಂದೆ ಎಂದು ಮಹಾಲಿಂಗಪ್ಪ ಕೂಗಾಡುತ್ತಿದ್ದರು. ಬೈದವರೂ ಬೈಸಿಕೊಂಡವನೂ ಅದನ್ನು ಬರೀ ಬೈಗುಳವೆಂದೇ ತಿಳಿದಿದ್ದರು.

ತಿಪಟೂರಿನ ಕಡೆಯಿಂದ ಅವನ ತಾತ ಮದರಾಸಿಗೆ ಬಂದು ಅಂಗಡಿ ಇಟ್ಟವರು. ಮೊಮ್ಮಗನ ಹೊತ್ತಿಗೆ ಮನೆಯ ಕನ್ನಡದಲ್ಲಿ ಅರ್ಧ ತಮಿಳು ಸೇರಿಹೋಗಿತ್ತು. ಅಂಗಡಿಗೆ ಯಾರಾದರೂ ಅಚ್ಚ ಕನ್ನಡ ಮಾತಾಡುತ್ತಾ ಬಂದರೆ ಶಿವರಂಜನ್ ತಾನೇ ಎದ್ದುಹೋಗಿ ಸಾಮಾನು ತೋರಿಸುತ್ತಿದ್ದ. ಹಾಗೆ ಸಿಕ್ಕವನು ದಿನೇಶ್. ಮೈಸೂರಿನವನು, ವೇಲಚೇರಿಯ ಹತ್ತಿರ ಒಂದು ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಹೊಸದಾಗಿ ಮದುವೆಯಾಗಿ ಹೆಂಡತಿ ಪಾವನಾಳ ಜೊತೆ ಕುಕ್ಕರ್ ಕೊಳ್ಳಲು ಬಂದಿದ್ದ. ಮಾತಿಗೆ ಮಾತು ಬೆಳೆದು, ಭಾನುವಾರ ಬೆಳಿಗ್ಗೆ ತಾನೂ ತನ್ನ ಗೆಳೆಯ ಪ್ರತಾಪನೂ ವಂಡಲೂರಿನ ಆಚೆ ಕಲ್ಲುಕ್ವಾರಿ ಗುಡ್ಡಗಳಿಗೆ ಸೈಕಲ್ ತಗೊಂಡು ಹೋಗುವ ಸಂಗತಿ ಹೇಳಿದ. ಅದು 2006ರ ಮಾತು. ಗುಡ್ಡ ಹತ್ತುವ ಸೈಕಲ್ಲು, ಅದಕ್ಕೆ ಬೇಕಾದ ಸಲಕರಣೆ ಇವೆಲ್ಲ ಆಗ ಚೆನ್ನೈಗೆ ಹೊಸದು. ಮುಂದಿನ ಭಾನುವಾರ ಶಿವರಂಜನ್ ಪ್ರತಾಪನ ಹಳೆಯ ಸೈಕಲ್ ಮೇಲೆ ಅವರ ಜೊತೆ ಹೊರಟ. ಮೂರು ತಿಂಗಳು ತುಂಬುವಷ್ಟರಲ್ಲಿ ಅಪ್ಪನನ್ನು ಕಾಡಿ ಬೇಡಿ ತನ್ನದೇ ಒಂದನ್ನು ಕೊಂಡ. ಮುಂದಿನ ಚಕ್ರಕ್ಕೆ ಸ್ಪ್ರಿಂಗ್ ಇದ್ದ, ದಪ್ಪ ಹಲ್ಲಿನ ಟೈರುಗಳ ಕಪ್ಪು ಸೈಕಲ್.

ಪ್ರತಾಪ್ ನುಂಗಂಬಾಕ್ಕಂನ ಒಂದು ಹಡಗು ಕಂಪನಿಯ ಆಫೀಸಿನಲ್ಲಿದ್ದ. ಕೆಲಸದ ಮೇಲೆ ಸಿಂಗಪುರಕ್ಕೆ ಹೋಗಿಬರುವವನು. ಪ್ರತಿಸಲ ಬರುವಾಗ ಚೀಲದ ತುಂಬ ಏನಾದರೂ ತರುತ್ತಿದ್ದ. ದಿನೇಶನ ಫ್ಲಾಟಿನ ಹಾಲ್‌ನಲ್ಲಿ ಮೂವರೂ ಕೂತು ಅದನ್ನೆಲ್ಲ ಹಾಕಿ ನೋಡುವುದೇ ಒಂದು ಹಬ್ಬ. ಬೆರಳಿಲ್ಲದ ಗ್ಲೌಸು, ಜೇನುಗೂಡಿನಂಥ ಹೆಲ್ಮೆಟ್ಟು, ಕುಂಡೆಗೆ ದಿಂಬು ಹೊಲಿದ ಬಿಗಿ ಚಡ್ಡಿ. ಆ ಚಡ್ಡಿ ಹಾಕಿಕೊಂಡು ದಿನೇಶ್ ಒಳಗಿನಿಂದ ಬಂದಾಗ ಪಾವನಾ ಅಡುಗೆಮನೆಗೆ ಓಡಿ ನಕ್ಕಿದ್ದಳು. ಒಂದು ಸಲ ಮೂವರಿಗೂ ಪೆಡಲಿಗೆ ಕಚ್ಚಿಕೊಳ್ಳುವ ಶೂ ಬಂದವು. ಹಿಮ್ಮಡಿ ತಿರುಚಿದರೆ ಮಾತ್ರ ಬಿಡಿಸಿಕೊಳ್ಳುತ್ತಿದ್ದವು. ದಿನೇಶ್ ಅವನ್ನು ಮೆಟ್ಟಿ ಸೈದಾಪೇಟೆಯ ಸಿಗ್ನಲ್ಲಿನಲ್ಲಿ ಬಿಡಿಸಲಾಗದೆ, ಬಸ್ಸಿಗೆ ಕಾದವರೆಲ್ಲ ನೋಡುತ್ತಿರುವಂತೆ, ಸೈಕಲ್ ಸಮೇತ ಮರದ ಹಾಗೆ ನಿಧಾನವಾಗಿ ವಾಲಿ ಬಿದ್ದ. ಶಿವರಂಜನ್‌ಗೆ ಆ ಶೂ ಮೊದಲ ದಿನವೇ ಒಗ್ಗಿದವು.

ಸೈಕಲ್ಲಿನ ವಿಷಯದಲ್ಲಿ ಅವನು ಬೇರೆಯೇ ಮನುಷ್ಯ. ಮುಳ್ಳುಕಂಟಿಗಳ ನಡುವೆ ಆಡು ಕಾಯುವವರು ನಡೆದು ನಡೆದು ಮಾಡಿದ, ಒಂದಡಿ ಅಗಲವೂ ಇಲ್ಲದ ದಾರಿಗಳಲ್ಲಿ ಅವನು ದಾರದ ಮೇಲೆ ಜಾರಿದ ಮಣಿಯಂತೆ ಇಳಿಯುತ್ತಿದ್ದ. ಉಳಿದಿಬ್ಬರು ಅಂಚಿನ ಪ್ರಪಾತ ನೋಡಿ ಹೆದರಿ ಬ್ರೇಕು ಒತ್ತುತ್ತಿದ್ದರು. ಅವನಿಗೆ ಆ ಪ್ರಪಾತದ ಗೊಡವೆಯೇ ಇರುತ್ತಿರಲಿಲ್ಲ. ರಂಜುವಿನ ಕಣ್ಣು ದಾರಿ ಬಿಟ್ಟು ಆಚೀಚೆ ಕದಲುವುದೇ ಇಲ್ಲ, ಅದನ್ನು ನೋಡಿ ಕಲಿಯಬೇಕು ಎಂದು ಪ್ರತಾಪ್ ಹೊಸಬರಿಗೆಲ್ಲ ಹೇಳುತ್ತಿದ್ದ. ಜೀವನದಲ್ಲಿ ಮೊದಲ ಬಾರಿಗೆ ಯಾರೋ ತನ್ನನ್ನು ಚುರುಕು ಎಂದದ್ದು ಶಿವರಂಜನ್‌ನ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು. ವಾರವೆಲ್ಲ ಪಾತ್ರೆಗಳ ನಡುವೆ ತಡವರಿಸುವಾಗ ಅವನು ಭಾನುವಾರವನ್ನು ನೆನೆದುಕೊಳ್ಳುತ್ತಿದ್ದ.

ಅವನಿಗಿದ್ದ ತೊಂದರೆ ಒಂದೇ. ಬಿಸಿಲೇರುವ ಮುಂಚೆ ಗುಡ್ಡ ಮುಟ್ಟಬೇಕೆಂದು ಕತ್ತಲಿರುವಾಗಲೇ ಹೊರಡಬೇಕಿತ್ತು. ತಾಂಬರಂವರೆಗೆ ಬೀದಿದೀಪ ಇರುತ್ತಿದ್ದವು, ಆಮೇಲೆ ಏನೂ ಕಾಣುತ್ತಿರಲಿಲ್ಲ. ಎಲ್ಲರಿಗೂ ಹಾಗೇ ಇರುತ್ತದೆ ಎಂದು ಅವನು ತಿಳಿದಿದ್ದ. ದಿನೇಶನ ಸೀಟಿನ ಕೆಳಗೆ ಮಿನುಗುವ ಕೆಂಪು ದೀಪವೊಂದನ್ನೇ ಹಿಡಿದು ಉಸಿರು ಬಿಗಿಹಿಡಿದು ಹೋಗುತ್ತಿದ್ದ. ಪ್ರತಾಪನಿಗೆ ಹೇಳಿ ಹ್ಯಾಂಡಲ್ಲಿಗೆ ಹಾಕುವ ದೀಪ ತರಿಸಿದ. ಅದು ಸಾಲದೆಂದು ಹೆಲ್ಮೆಟ್ಟಿನ ಮೇಲೆ ಕೂರಿಸುವ ಇನ್ನೊಂದು ತರಿಸಿದ. ಮಬ್ಬಿನಲ್ಲಿ ಚೆನ್ನಾಗಿ ಕಾಣಿಸುತ್ತದೆಂದು ಹಳದಿ ಗಾಜಿನ ಕನ್ನಡಕ ಕೊಂಡ. ಒಂದೊಂದು ಬಂದಾಗಲೂ ವಾರಪೂರ್ತಿ ಆಸೆ, ಭಾನುವಾರ ಮತ್ತೆ ಅದೇ ಕತ್ತಲು.

2007ರ ಮಳೆಗಾಲ ಕಳೆದ ಮೇಲೆ ಅವನು ಹಗಲಿನಲ್ಲೂ ಬೀಳತೊಡಗಿದ. ಪಕ್ಕದಲ್ಲಿ ಚಾಚಿಕೊಂಡ ಕೊಂಬೆ ಭುಜಕ್ಕೆ ಬಡಿಯುತ್ತಿತ್ತು. ದಾರಿ ತಿರುಗುವ ಕಡೆ ಕಲ್ಲೊಂದು ಎಲ್ಲಿಂದಲೋ ಬಂದು ಚಕ್ರಕ್ಕೆ ಸಿಗುತ್ತಿತ್ತು. ಬಿದ್ದಾಗಲೆಲ್ಲ ಅವನು ಸಲಕರಣೆಯ ಮೇಲೆ ತಪ್ಪು ಹೊರಿಸುತ್ತಿದ್ದ. ಸ್ಪ್ರಿಂಗ್ ಸಡಿಲ ಅಂದ, ಬದಲಾಯಿಸಿದ. ಟೈರಿನ ಹಲ್ಲು ಸವೆದಿದೆ ಅಂದ, ಹೊಸದು ಹಾಕಿಸಿದ. ಹ್ಯಾಂಡಲ್ ಅಗಲ ಹೆಚ್ಚಾಯಿತೆಂದು ಎರಡೂ ತುದಿ ಕೊಯ್ಯಿಸಿದ. ಸರ್ವಮಂಗಳಾ ಸ್ನಾನ ಮಾಡಿ ವಿಭೂತಿ ಹಚ್ಚಿ ಪೂಜೆಗೆ ಕೂರುವ ಹೊತ್ತಿಗೆ ಮೊಣಕೈ ತರಚಿಕೊಂಡು ಮನೆಗೆ ಬರುತ್ತಿದ್ದ ಮಗನನ್ನು ನೋಡಿ, ಈ ಹಾಳು ಸೈಕಲ್ ಯಾಕಪ್ಪ ಎನ್ನುತ್ತಿದ್ದರು. "ಒಣ್ಣುಂ ಆಗ್ಲಿಲ್ಲಮ್ಮ, ಏನೂ ಇಲ್ಲ, ಸುಮ್ನೆ ಇರು" ಎಂದು ಅವನು ಬಚ್ಚಲಿಗೆ ಹೋಗಿಬಿಡುತ್ತಿದ್ದ.

ಪೊಂಗಲ್ ರಜೆಯ ಒಂದು ಬೆಳಿಗ್ಗೆ ಆ ಅನಾಹುತವಾಯಿತು. ಕ್ವಾರಿಯ ಮೇಲಿನ ಗುಡ್ಡದಿಂದ ಮೂವರೂ ಇಳಿಯುತ್ತಿದ್ದರು. ಮೇಲ್ಭಾಗದಲ್ಲಿ ದಾರಿ ಅಗಲ, ಇಬ್ಬರು ಜೊತೆಜೊತೆಗೆ ಹೋಗಬಹುದು. ಶಿವರಂಜನ್‌ನ ಎಡಕ್ಕೆ ದಿನೇಶ್ ಬಂದು ಸೇರಿಕೊಂಡಿದ್ದ. ಹಿಂದೆ ಪ್ರತಾಪ್. ಗಾಳಿ ಜೋರಾಗಿತ್ತು. ಮುಂದೆ ಒಂದು ಕೊರಕಲು ಕಂಡು ಶಿವರಂಜನ್ ಒಮ್ಮೆಲೇ ಎಡಕ್ಕೆ ಎಳೆದುಕೊಂಡ. ಹ್ಯಾಂಡಲಿಗೆ ಹ್ಯಾಂಡಲು ತಗುಲಿದ್ದು ಅವನಿಗೆ ಗೊತ್ತಾಯಿತು. ದಿನೇಶ್ ಅಲ್ಲಿದ್ದನೆಂದು ಗೊತ್ತಾದದ್ದು ಅವನ ಕೂಗು ಕೆಳಗಿನಿಂದ ಕೇಳಿದಾಗ. ಅಂಚು ದಾಟಿ, ಒಡೆದ ಕಲ್ಲುಗಳ ರಾಶಿಯ ಮೇಲೆ ಅವನು ಬಿದ್ದಿದ್ದ. ಕಾಲು ಇನ್ನೂ ಪೆಡಲಿಗೆ ಕಚ್ಚಿಕೊಂಡೇ ಇತ್ತು, ಮಂಡಿ ಮಾತ್ರ ತಿರುಗಬಾರದ ಕಡೆಗೆ ತಿರುಗಿತ್ತು.

ಆಸ್ಪತ್ರೆಯಲ್ಲಿ ಮಂಡಿಗೆ ಆಪರೇಷನ್ ಮಾಡಿದರು. ಕಾಲು ಉಳಿಯುತ್ತದೆ, ಆದರೆ ಪೂರ್ತಿ ಮಡಚಲು ಇನ್ನೆಂದೂ ಆಗುವುದಿಲ್ಲ ಎಂದರು. ಹೊರಗಿನ ಬೆಂಚಿನ ಮೇಲೆ ಕೂತಿದ್ದ ಶಿವರಂಜನ್‌ನ ಮುಂದೆ ಪ್ರತಾಪ್ ಬಂದು ನಿಂತ.

"ಮುಂದೆ ಹೋಗ್ಬೇಕು ಅಂತ ಅವನ್ನ ಒತ್ತಿದೆ ನೀನು."

"ನಾನು ನೋಡ್ಲಿಲ್ಲ ಪ್ರತಾಪ್."

"ಪಕ್ಕದಲ್ಲೇ ಇದ್ದ. ಅವನ ಮೊಣಕೈ ನಿನಗೆ ತಾಗೋ ಹಾಗಿತ್ತು. ಹಿಂದೆ ಇದ್ದ ನನಗೆ ಕಂಡಿದೆ. ನಿನಗೆ ಕಾಣ್ಲಿಲ್ವಾ?"

ಹಗಲು ಹೊತ್ತು, ಪಕ್ಕದಲ್ಲಿದ್ದ ಆಳು, ಕಾಣದೆ ಹೋಗುವುದುಂಟೇ? ಮನೆಗೆ ಬಂದು ಮಲಗಿದರೂ ಶಿವರಂಜನ್‌ಗೆ ಅದೇ ಯೋಚನೆ. ಬರಬರುತ್ತಾ ಅವನಿಗೇ ಅನುಮಾನ ಬಂತು. ಕಂಡಿದ್ದರೂ ಇರಬಹುದು, ಮುಂದೆ ಹೋಗುವ ಹುರುಪಿನಲ್ಲಿ ಲೆಕ್ಕಿಸದೆ ಎಳೆದಿರಬಹುದು, ಆಮೇಲೆ ಮನಸ್ಸು ಅದನ್ನು ಅಳಿಸಿಹಾಕಿರಬಹುದು. ಹೀಗೆ ಯೋಚಿಸಿ ಯೋಚಿಸಿ ಅವನು ಪ್ರತಾಪ್ ಹೇಳಿದ್ದನ್ನೇ ಮುಕ್ಕಾಲು ನಂಬಿಬಿಟ್ಟ. ಅಂಗಡಿಯಲ್ಲಿ ಮಾತು ಬಿಟ್ಟ. ಸೈಕಲ್ಲನ್ನು ಮಹಡಿಯ ಮೆಟ್ಟಿಲ ಕೆಳಗೆ ತಳ್ಳಿದ.

ದಿನೇಶನ ಮನೆಗೆ ಹೋಗಲು ಅವನಿಗೆ ಧೈರ್ಯ ಬಂದದ್ದು ತಿಂಗಳು ಕಳೆದ ಮೇಲೆ. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ದಿನೇಶ್ ಹಾಸಿಗೆಯ ಮೇಲೆ ಕೂತಿದ್ದ. ಶಿವರಂಜನ್ ಎದುರಿನ ಕುರ್ಚಿಯಲ್ಲಿ ಕೂತ. ಗೆಳೆಯನ ಮುಖವನ್ನೇ ನೋಡುತ್ತಿದ್ದ. ಪಾವನಾ ಕಾಫಿ ತಂದು ಅವನ ಬಲಗಡೆ ನಿಂತು ಲೋಟ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ಅವಳು ಚಾಚಿದ ಕೈಯಲ್ಲೇ ನಿಂತಳು. ತನ್ನ ಗಂಡನ ಕಾಲು ಮುರಿದವನು ತನ್ನ ಮೇಲೇ ಮುನಿಸಿಕೊಂಡಿದ್ದಾನೆ ಎಂದು ಅವಳ ಮುಖ ಕೆಂಪಾಯಿತು. ದಿನೇಶ್ ಅವಳ ಕೈಯನ್ನೂ ಅವನ ಕಣ್ಣನ್ನೂ ನೋಡಿದ. ಆಮೇಲೆ, ಹತ್ತಿರ ಬಂದು ಕೂರೋ ಎಂದು ಕರೆದ.

"ರಂಜು, ನನ್ನ ಮೂಗನ್ನೇ ನೋಡ್ತಾ ಇರು. ಎಲ್ಲೂ ತಿರುಗ್ಬೇಡ."

"ಯಾಕೋ?"

"ನೋಡು ಸುಮ್ನೆ. ಈಗ ನನ್ನ ಕೈ ಎಲ್ಲಿದೆ?"

"ಹಾಸಿಗೆ ಮೇಲೆ."

ದಿನೇಶನ ಕೈ ಅವನ ಭುಜದ ಮಟ್ಟಕ್ಕೆ, ಪಕ್ಕಕ್ಕೆ ಚಾಚಿಕೊಂಡಿತ್ತು. ಅದನ್ನು ನಿಧಾನವಾಗಿ ಒಳಕ್ಕೆ ತಂದ. ಬೆರಳಾಡಿಸುತ್ತಲೇ ತಂದ. ಅದು ಹೆಚ್ಚುಕಡಿಮೆ ದಿನೇಶನ ಸ್ವಂತ ಕಿವಿಯ ಹತ್ತಿರ ಬಂದಾಗ ಶಿವರಂಜನ್, ಈಗ ಕಾಣಿಸಿತು ಎಂದ. ಇನ್ನೊಂದು ಕೈಯಲ್ಲೂ ಅಷ್ಟೇ. ಪಾವನಾ ಕಾಫಿ ಲೋಟವನ್ನು ನೆಲದ ಮೇಲಿಟ್ಟು ಅಲ್ಲೇ ಕೂತಳು.

"ನೀನು ನಿಜವಾಗ್ಲೂ ನನ್ನ ನೋಡ್ಲೇ ಇಲ್ಲ ಅಲ್ವೇನೋ" ಎಂದ ದಿನೇಶ್.

ಶಿವರಂಜನ್ ಅತ್ತದ್ದು ಅಲ್ಲಿ. ತನ್ನ ಮೇಲಿದ್ದ ಹೊರೆ ಇಳಿದ ಸಮಾಧಾನಕ್ಕೆ ಮೊದಲು ಅತ್ತ. ಇಳಿದ ಹೊರೆಯ ಜಾಗದಲ್ಲಿ ಏನು ಬಂದು ಕೂತಿತೆಂದು ಅರಿವಾದಾಗ ಅಳು ನಿಂತುಹೋಯಿತು.

ನುಂಗಂಬಾಕ್ಕಂನ ಕಣ್ಣಿನ ಆಸ್ಪತ್ರೆಗೆ ಅಪ್ಪ ಅಮ್ಮ ಇಬ್ಬರೂ ಬಂದರು. ಕತ್ತಲೆ ಕೋಣೆಯಲ್ಲಿ ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕಿತ್ತು. ನಡುವೆ ಒಂದಷ್ಟು ಚುಕ್ಕೆ ಕಂಡವು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಯಂತ್ರ ಕೆಟ್ಟಿರಬೇಕೆಂದು ಅವನು ನರ್ಸನ್ನು ಕೇಳಿದ. ಯಂತ್ರ ನಡೀತಾನೇ ಇದೆ ಎಂದು ಆಕೆ ಮೆಲ್ಲಗೆ ಹೇಳಿದಳು.

ಡಾಕ್ಟರು ವಯಸ್ಸಾದ ಹೆಂಗಸು. ಕಣ್ಣಿನ ಒಳಪರದೆ ಅಂಚಿನಿಂದ ಒಣಗುತ್ತಾ ನಡುವಿನ ಕಡೆಗೆ ಬರುತ್ತಿದೆ ಎಂದು ತಮಿಳಿನಲ್ಲಿ ಬಿಡಿಸಿ ಹೇಳಿದರು. ಹುಟ್ಟಿನಿಂದಲೇ ಬಂದದ್ದು, ರಾತ್ರಿಗುರುಡು ಅದರ ಮೊದಲ ಸೂಚನೆ, ಇದಕ್ಕೆ ಔಷಧವಿಲ್ಲ, ಕನ್ನಡಕವೂ ಇಲ್ಲ. ನಡುವಿನ ದೃಷ್ಟಿ ಇನ್ನೂ ಕೆಲವು ವರ್ಷ ಉಳಿಯಬಹುದು. ಸೈಕಲ್ಲು, ಸ್ಕೂಟರು ಇವತ್ತಿಗೇ ಬಿಡಬೇಕು. ಆಮೇಲೆ ತಲೆಯೆತ್ತಿ ಮಹಾಲಿಂಗಪ್ಪನವರನ್ನು ಕೇಳಿದರು: "ಸೊಂದತ್ತಿಲ ಕಲ್ಯಾಣಮಾ?" ಸಂಬಂಧದಲ್ಲೇ ಆದ ಮದುವೆಯಾ ಎಂದು. ಮಹಾಲಿಂಗಪ್ಪ ಸರ್ವಮಂಗಳಾ ಅವರ ಸ್ವಂತ ಸೋದರಮಾವ. ಅವರು ಹೌದೆಂದು ತಲೆಯಾಡಿಸಿದರು. ಅದರಿಂದಲೇ ಬಂತೆಂದಲ್ಲ, ಆದರೆ ಅಂಥ ಮನೆಗಳಲ್ಲಿ ಹೆಚ್ಚು ಎಂದರು ಡಾಕ್ಟರು. ಸರ್ವಮಂಗಳಾ ಕೈಚೀಲದ ಹಿಡಿಯನ್ನು ಸುತ್ತಿ ಸುತ್ತಿ ಬಿಡಿಸುತ್ತಾ ಕೂತಿದ್ದರು.

ಮಹಾಲಿಂಗಪ್ಪ ಒಪ್ಪಲಿಲ್ಲ. ಕೇರಳದ ವೈದ್ಯರ ಬಳಿ ಕರೆದೊಯ್ದರು, ಹರಕೆ ಹೊತ್ತರು. ಮಗನ ಊಟದ ಪಕ್ಕ ದಿನಾ ನುಗ್ಗೆಸೊಪ್ಪಿನ ರಸ ಬರುವಂತಾಯಿತು. ಕುಡಿಯದಿದ್ದರೆ ಅಪ್ಪನ ಮುಖ ನೋಡಲಾಗದೆ ಅವನು ಕುಡಿಯುತ್ತಿದ್ದ. ಆ ವರ್ಷ ಶಿವಮೊಗ್ಗದ ಒಂದು ಹೆಣ್ಣಿನ ಮಾತು ನಡೆಯುತ್ತಿತ್ತು. ಕಣ್ಣಿನ ವಿಷಯ ಈಗಲೇ ಹೇಳುವುದು ಬೇಡವೆಂದು ಅಪ್ಪನಿಗಿತ್ತು. ಶಿವರಂಜನ್ ತಾನೇ ಫೋನ್ ಮಾಡಿ ಹುಡುಗಿಯ ಅಣ್ಣನಿಗೆ ತಿಳಿಸಿದ. ಆತ ಬಹಳ ಮರ್ಯಾದೆಯಿಂದ ಕೇಳಿಸಿಕೊಂಡ. ಆ ಕಡೆಯಿಂದ ಮತ್ತೆ ಫೋನ್ ಬರಲಿಲ್ಲ.

ಒಂದು ಮಧ್ಯಾಹ್ನ ಅಪ್ಪ ಅಂಗಡಿಯಲ್ಲಿದ್ದಾಗ ಸರ್ವಮಂಗಳಾ ಅನ್ನ ಬಡಿಸುತ್ತಾ ತಾವಾಗಿಯೇ ಮಾತು ತೆಗೆದರು.

"ನಂಗೆ ಆವಾಗ ಹದಿನೇಳು. ಮಾಮನಿಗೇ ಕೊಡ್ತೀವಿ ಅಂತ ಅಜ್ಜಿ ಅಂದ್ರು. ನಾನು ಸಂತೋಷಾನೇ ಪಟ್ಟೆ ಕಣಪ್ಪ ರಂಜು. ಎತ್ತಿ ಆಡಿಸಿದ ಮಾಮ, ಹೊಡಿಯಲ್ಲ ಬಡಿಯಲ್ಲ, ಗೊತ್ತಿಲ್ಲದ ಮನೆಗೆ ಹೋಗೋದು ತಪ್ತು ಅಂತ."

ಅವನು ಊಟ ನಿಲ್ಲಿಸಿದ. ನಿನ್ನ ತಪ್ಪೇನಿದೆ ಅಮ್ಮ ಎನ್ನಬೇಕೆಂದುಕೊಂಡ. ಆದರೆ ಅದನ್ನು ಅವರು ಕೇಳಿಯೇ ಇರಲಿಲ್ಲ. ತಾವು ಸಂತೋಷಪಟ್ಟದ್ದನ್ನು ಹೇಳಿದ್ದರು, ಅಷ್ಟೇ. ಅವನು ಕೈ ಚಾಚಿ ಅವರ ಕೈಗಾಗಿ ತಡವಿದ. ಎರಡು ಸಲ ಮೊಸರಿನ ಬಟ್ಟಲಿಗೆ ತಾಗಿತು. ಮೂರನೆಯ ಸಲ ಅವರೇ ಕೈ ತಂದು ಅವನ ಕೈಯೊಳಗಿಟ್ಟರು.

ಪ್ರತಾಪ್ ವಿಷಯ ತಿಳಿದ ಮೇಲೆ ಬಹಳ ದಿನ ಮುಖ ತೋರಿಸಲಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ಆಡಿದ ಮಾತು ಅವನನ್ನು ತಿನ್ನುತ್ತಿತ್ತು. ಕೊನೆಗೊಂದು ದಿನ ಪಾಂಡಿಚೇರಿಯ ಪರಿಚಯದವರಿಂದ ಇಬ್ಬರು ಕೂರುವ ಜೋಡಿ ಸೈಕಲ್ ತಂದು ಮನೆಯ ಮುಂದೆ ನಿಲ್ಲಿಸಿದ. ಮುಂದೆ ತಾನು ಕೂತು ಹಿಡಿತ ನೋಡಿಕೊಳ್ಳುತ್ತೇನೆ, ಹಿಂದೆ ನೀನು ತುಳಿದರೆ ಸಾಕು ಎಂದ. ಅವನ ಮನಸ್ಸು ನೋಯಿಸಬಾರದೆಂದು ಶಿವರಂಜನ್ ಹೆಲ್ಮೆಟ್ಟು, ಗ್ಲೌಸು ಎಲ್ಲ ಹಾಕಿಕೊಂಡು ಬಂದ. ಸಮುದ್ರದ ಪಕ್ಕದ ಮಹಾಬಲಿಪುರಂ ರಸ್ತೆಯಲ್ಲಿ ಹೊರಟರು. ಪ್ರತಾಪ್ ಬಾಯಿ ಮುಚ್ಚದೆ ಎಲ್ಲವನ್ನೂ ಹೇಳುತ್ತಿದ್ದ, ಎಡಕ್ಕೆ ಸವುಕು ಮರಗಳ ತೋಪು ಬಂತು, ಈಗ ಸಮುದ್ರ ಕಾಣುತ್ತಿದೆ, ದೋಣಿಗಳು ವಾಪಸ್ಸು ಬರುತ್ತಿವೆ ಎಂದು. ಶಿವರಂಜನ್‌ಗೆ ಕಂಡದ್ದು ಗೆಳೆಯನ ಬೆನ್ನು, ಅದರ ಮೇಲೆ ಹರಡುತ್ತಿದ್ದ ಬೆವರು. ಮುಟ್ಟುಕಾಡು ತಲುಪುವ ಮುಂಚೆಯೇ, ತಿರುಗಿಸು ಹೋಗೋಣ ಎಂದ.

"ಹೆದ್ರಿಕೆ ಆಯ್ತಾ?"

"ಇಲ್ಲ. ಹೆದ್ರಿಕೆನೇ ಆಗ್ಲಿಲ್ಲ ನೋಡು. ಅದಕ್ಕೇ ಸಾಕು ಅನ್ನಿಸ್ತು."

ಜೋಡಿ ಸೈಕಲ್ ಪಾಂಡಿಚೇರಿಗೆ ಹೋಯಿತು. ಮುಂದಿನ ವರ್ಷ ಪ್ರತಾಪನಿಗೆ ಸಿಂಗಪುರದಲ್ಲೇ ಕೆಲಸವಾಯಿತು. ದಿನೇಶ್ ಕುಂಟುತ್ತಾ ಕೆಲವು ಭಾನುವಾರ ಬಂದುಹೋಗುತ್ತಿದ್ದ. ಇಬ್ಬರಿಗೂ ಗುಡ್ಡದ ಮಾತು ಬೇಕಿರಲಿಲ್ಲ, ಬೇರೆ ಮಾತು ಎಂದೂ ಇದ್ದಿರಲಿಲ್ಲ. ಟೀವಿಯಲ್ಲಿ ಕ್ರಿಕೆಟ್ ಹಾಕಿಕೊಂಡು ಕೂರುತ್ತಿದ್ದರು. ಮಗು ಹುಟ್ಟಿದ ಮೇಲೆ ಬರುವುದು ವಿರಳವಾಯಿತು, ಅದರಲ್ಲಿ ಬೇಸರಿಸುವಂಥದ್ದೇನೂ ಇಲ್ಲವೆಂದು ಶಿವರಂಜನ್ ತನಗೆ ತಾನೇ ಹೇಳಿಕೊಂಡ.

2010ರ ಬೇಸಿಗೆಯಲ್ಲಿ ಮೆಟ್ಟಿಲ ಕೆಳಗಿನ ಸೈಕಲ್ಲನ್ನು ಕೊಳ್ಳಲೆಂದು ನೋಡಲು ಸತ್ಯನಾರಾಯಣ ಎಂಬುವರು ಬಂದರು. ಬ್ಯಾಂಕಿನಲ್ಲಿ ಕೆಲಸ, ಐವತ್ತು ದಾಟಿದವರು. ಸಕ್ಕರೆ ಕಾಯಿಲೆ ಬಂದಿದೆ, ವ್ಯಾಯಾಮ ಮಾಡಿ ಅಂದಿದ್ದಾರೆ ಎಂದು ಸಂಕೋಚದಿಂದ ಹೇಳಿದರು. ಶಿವರಂಜನ್ ಸೈಕಲ್ಲನ್ನು ಒರೆಸಿ ಬೀದಿಗೆ ತಂದ. ಮುಂದಿನ ಬ್ರೇಕು ಬಹಳ ಚೂಪು, ಅದೊಂದನ್ನೇ ಹಿಡಿದರೆ ಮುಗ್ಗರಿಸುತ್ತೀರಿ, ಮೊದಲು ಹಿಂದಿನದು ಹಿಡಿಯಿರಿ ಎಂದು ಅವರ ಬೆರಳನ್ನು ಬ್ರೇಕಿನ ಮೇಲಿಟ್ಟು ತೋರಿಸಿದ. ಅವರ ಎತ್ತರಕ್ಕೆ ಸೀಟು ಏರಿಸಿದ. ತನ್ನ ಹೆಲ್ಮೆಟ್ಟನ್ನು ಅವರ ತಲೆಗೆ ಹಾಕಿ ಗದ್ದದ ಕೆಳಗಿನ ಪಟ್ಟಿ ಬಿಗಿ ಮಾಡಿದ. ಅವರು ಒಂದು ಸುತ್ತು ಹೊಡೆದು ನೋಡುತ್ತೇನೆಂದು ಹೊರಟರು.

ಬಿಸಿಲಿನ ಬೀದಿಯ ನಡುವೆ ಅವರ ಅಗಲ ಬೆನ್ನು ಸ್ವಲ್ಪ ದೂರ ಕಂಡಿತು. ಗಾಡಿಯೊಂದಕ್ಕೆ ದಾರಿ ಬಿಡಲು ಅವರು ಪಕ್ಕಕ್ಕೆ ಸರಿದರು. ಅಷ್ಟಕ್ಕೇ ಸೈಕಲ್ಲು ಇಲ್ಲವಾಯಿತು. ಶಿವರಂಜನ್ ತಲೆಯನ್ನು ಆಚೀಚೆ ಹೊರಳಿಸಿ ಹುಡುಕಿದ. ಒಂದು ಗೋಡೆ, ಒಂದು ತಳ್ಳುಗಾಡಿಯ ಚಕ್ರ, ಯಾರದೋ ಸೀರೆಯ ಅಂಚು ಸಿಕ್ಕವು. ಹುಡುಕುವುದನ್ನು ಬಿಟ್ಟು ಬಾಗಿಲಿಗೆ ಒರಗಿ ನಿಂತ. ಸುತ್ತು ಮುಗಿಸಿ ಬಂದ ಸತ್ಯನಾರಾಯಣ ಏದುಸಿರು ಬಿಡುತ್ತಾ, ಗಾಡಿ ಬಹಳ ಚೆನ್ನಾಗಿದೆ, ಇಂಥದ್ದನ್ನು ಯಾಕೆ ಕೊಡ್ತಾ ಇದ್ದೀರಿ ಎಂದು ಕೇಳಿದರು.

"ಓಡಿಸೋಕೆ ಆಗ್ತಾ ಇಲ್ಲ ಸಾರ್" ಎಂದ.

ಕೆಲಸ ಜಾಸ್ತಿಯೇನೋ ಎಂದುಕೊಂಡು ಅವರು ಸೈಕಲ್ಲನ್ನು ತಳ್ಳಿಕೊಂಡು ಹೋದರು. ಒಳಗಿನಿಂದ ಸರ್ವಮಂಗಳಾ, ಬಂದಿದ್ದವರು ಯಾರು ಎಂದು ಕೇಳಿದರು. ಸೈಕಲ್ ಕೊಟ್ಟುಬಿಟ್ಟೆ ಎಂದು ಅವನು ಹೇಳಿದ. ಅವರು ಒಳಗಿನಿಂದಲೇ, ಊಟಕ್ಕೆ ಬಾ ಎಂದರು. ಅವನು ಗೋಡೆ ಹಿಡಿದುಕೊಂಡು ಒಳಗೆ ಹೋದ.